ಹಿಮದ ಮೇಲೆ ಏನನ್ನೂ ಬಿಡದ ಡೆಲ್ಮಿರಾ

ಬೆಳಕು ಹರಿಯುವ ಹೊತ್ತು. ದಕ್ಷಿಣ ಧ್ರುವದ ಹಿಮಖಂಡದಲ್ಲಿರುವ ಕಲೇಟಾ ಮನ್ಸಾ ನೆಲೆಯ ಊಟದ ಮನೆಯ ಬಾಗಿಲಲ್ಲಿ ಡೆಲ್ಮಿರಾ ಸೊಟೆಲೊ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲೊಂದು ಸೂಪಿನ ಚಮಚ. ಮೆಟ್ಟಿಲ ಪಕ್ಕದಲ್ಲಿ ಯಾರೋ ಮಾಟೆ ಸೊಪ್ಪಿನ ಕಷಾಯ ಕುಡಿದು, ಸೋರೆ ಬುರುಡೆಯನ್ನು ಮಗುಚಿ ಕುಟ್ಟಿ, ಒಳಗಿನ ಹಸಿರು ಸೊಪ್ಪನ್ನೆಲ್ಲ ಹಿಮದ ಮೇಲೆ ಚೆಲ್ಲಿ ಹೋಗಿದ್ದಾರೆ. ಅದೀಗ ಹೆಪ್ಪುಗಟ್ಟಿ ಕಲ್ಲಿನಂತೆ ಅಂಟಿಕೊಂಡಿದೆ. ಡೆಲ್ಮಿರಾ ಅದನ್ನು ಚಮಚದ ಅಂಚಿನಿಂದ ಕೆರೆದು ಬಕೆಟ್ಟಿಗೆ ತುಂಬುತ್ತಾರೆ. ಸೊಪ್ಪಿನ ಬಣ್ಣ ಹತ್ತಿದ ಹಿಮವನ್ನೂ ಬಿಡುವುದಿಲ್ಲ.

"ನಮ್ಮೂರಲ್ಲಿ ಎಲ್ರೂ ಅಂಗಳಕ್ಕೇ ಚೆಲ್ಲೋದು. ನಮ್ಮಮ್ಮ ಗುಲಾಬಿ ಗಿಡದ ಬುಡಕ್ಕೆ ಹಾಕ್ತಿದ್ರು. ಕೈಗೆ ಅದೇ ರೂಢಿ ಆಗೋಗಿದೆ, ಏನ್ಮಾಡ್ತಾರೆ ಹೇಳಿ," ಎನ್ನುತ್ತಾರೆ. "ಆದ್ರೆ ಇಲ್ಲಿ ಗುಲಾಬಿ ಎಲ್ಲಿದೆ? ಈ ಸೊಪ್ಪು ವರ್ಷಗಟ್ಟಲೆ ಹೀಗೇ ಹಸಿರಾಗಿ ಬಿದ್ದಿರುತ್ತೆ. ಈ ನೆಲದಲ್ಲಿ ಯಾವುದೂ ಕೊಳೆಯಲ್ಲ. ನಾವು ಮಾಡಿದ ತಪ್ಪೂ ಕೊಳೆಯಲ್ಲ."

ಒಳಗಿನಿಂದ ಅಡುಗೆಯವನು ಒಲ್ಮೊಸ್ ಕೂಗುತ್ತಾನೆ, "ಏನ್ ದೋನ್ಯಾ ಅಮ್ಮಾವ್ರೇ, ಬೆಳಗಿನ ಪ್ರಾರ್ಥನೆ ಮುಗೀತಾ?"

"ನಿನ್ನ ಪಾಪ ತೊಳೀಲಿ ಅಂತಾನೇ ಮಾಡ್ತಿದೀನಿ ಕಣೋ. ಸೊಪ್ಪಲ್ಲಿ ಕಿತ್ತಳೆ ಸಿಪ್ಪೆ ಇದೆ. ಈ ನೆಲೆಯಲ್ಲಿ ಸಿಪ್ಪೆ ಹಾಕ್ಕೊಂಡು ಮಾಟೆ ಕುಡಿಯೋನು ನೀನೊಬ್ನೇ."

ಸ್ವಲ್ಪ ಹೊತ್ತಿಗೆ ಒಲ್ಮೊಸ್ ತಾನೇ ಒಂದು ಚಮಚ ಹಿಡಿದು ಹೊರಗೆ ಬಂದು, ಪಕ್ಕದಲ್ಲಿ ಕೂತು ಕೆರೆಯತೊಡಗುತ್ತಾನೆ.

ಡೆಲ್ಮಿರಾ ಸೇನೆಯ ಹಿರಿಯ ಸಾರ್ಜೆಂಟ್. ನೆಲೆಯ ಕಸದ ಹೊಣೆ ಅವರದು. ಬೇಸಿಗೆಯಲ್ಲಿ ನಲವತ್ತು ಜನ, ಚಳಿಗಾಲದಲ್ಲಿ ಅದರ ಅರ್ಧ, ಇವರೆಲ್ಲ ತಿಂದು, ತೊಟ್ಟು, ಮುರಿದು, ಕಕ್ಕಸಿಗೆ ಬಿಟ್ಟದ್ದೆಲ್ಲವೂ ಅವರ ಕೈ ಹಾದೇ ಹೋಗಬೇಕು. ನಮ್ಮ ದೇಶದ ಶಾಲೆಯ ನಕ್ಷೆಯಲ್ಲಿ ಹಿಮಖಂಡದ ಈ ತುಂಡನ್ನು ನಮ್ಮದೆಂದು ಬಣ್ಣ ತುಂಬಿದವರೇ ನಾವೆಲ್ಲ. ಆದರೆ ಕಸದ ಮಾತು ಬಂದಾಗ ನಕ್ಷೆ ನಡೆಯುವುದಿಲ್ಲ, ದೇಶದೇಶಗಳು ಕೂತು ಬರೆದುಕೊಂಡ ಒಪ್ಪಂದವೇ ದೊರೆ. ಅದರ ಪರಿಸರ ಕರಾರಿನಲ್ಲಿ ಕಸಕ್ಕೆಂದೇ ಒಂದು ಭಾಗವಿದೆ. ತಂದವರೇ ಒಯ್ಯಬೇಕು ಎನ್ನುವುದು ಅದರ ಸಾರ. ಬಯಲಲ್ಲಿ ಸುಡುವಂತಿಲ್ಲ, ಹೂಳುವಂತಿಲ್ಲ. ಬ್ಯಾಟರಿ, ಎಣ್ಣೆ, ಪ್ಲಾಸ್ಟಿಕ್ಕು, ಬಣ್ಣ ಬಳಿದ ಮರದ ಚೂರು, ಎಲ್ಲವೂ ಡ್ರಮ್ಮಿನಲ್ಲಿ ಕೂತು ಹಡಗು ಹತ್ತಬೇಕು. ಪೆಟ್ಟಿಗೆಯೊಳಗೆ ತುಂಬಿ ಬರುವ ಥರ್ಮಾಕೋಲಿನ ಬಿಳಿ ಗುಂಡುಗಳನ್ನಂತೂ ಈ ನೆಲಕ್ಕೆ ತರುವಂತೆಯೇ ಇಲ್ಲ.

ಕೋಳಿಯೂಟದ ದಿನ ಡೆಲ್ಮಿರಾ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರುತ್ತಾರೆ. ಒಂದು ಮೂಳೆ ಹೊರಗೆ ಬಿದ್ದರೆ ಸ್ಕುವಾ ಹಕ್ಕಿ ಎತ್ತಿಕೊಂಡು ಹಾರುತ್ತದೆ, ಕೋಳಿಯ ರೋಗ ಪೆಂಗ್ವಿನ್ನುಗಳ ಮರಿಮನೆ ಸೇರುತ್ತದೆ. ಹಾಗಾಗಿ ತಟ್ಟೆಯಿಂದ ಎದ್ದ ಮೂಳೆಗಳೆಲ್ಲ ಮುಚ್ಚಳದ ಬಕೆಟ್ಟಿಗೆ. ಜನರಲ್‌ಗೂ ಇದೇ ನಿಯಮ. ಒಮ್ಮೆ ನೆಲೆ ನೋಡಲು ಬಂದ ದೊಡ್ಡ ಅಧಿಕಾರಿಯೊಬ್ಬರು ಕಿಟಕಿಯಾಚೆ ಕೂತ ಹಕ್ಕಿಗೆ ಪ್ರೀತಿಯಿಂದ ರೆಕ್ಕೆಯ ಮೂಳೆ ಎಸೆದರಂತೆ. ಡೆಲ್ಮಿರಾ ಹಿಮದಲ್ಲಿ ಆ ಹಕ್ಕಿಯ ಹಿಂದೆ ಓಡಿದ್ದನ್ನು ನೆನೆದು ಊಟದ ಮನೆ ಇಂದಿಗೂ ನಗುತ್ತದೆ. ಮೂಳೆ ಸಿಕ್ಕಿತು. ಅಧಿಕಾರಿ ಕ್ಷಮೆ ಕೇಳಿದರೋ ಇಲ್ಲವೋ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅವರು ಹುಟ್ಟಿದ್ದು ದೇಶದ ಉತ್ತರದ ಕೊರ್ರಿಯೆಂತೆಸ್ ಸೀಮೆಯ ಎಸ್ಕಿನಾ ಎಂಬ ನದಿಯೂರಿನಲ್ಲಿ. ಸೇನೆಯ ಗ್ಯಾರೇಜಿನಲ್ಲಿ ಬೆಸುಗೆ ಹಾಕುತ್ತಿದ್ದರು. ದಕ್ಷಿಣಕ್ಕೆ ಬರಲು ಹೆಸರು ಕೊಟ್ಟಾಗ ಉಳಿದಿದ್ದ ಕೆಲಸ ಇದೊಂದೇ. ಈ ಕೆಲಸಕ್ಕೆ ಶಿಕ್ಷೆ ಎಂದೇ ಹೆಸರು, ಆದರೂ ಅದೇ ಸರಿ ಎಂದು ಒಪ್ಪಿ ಬಂದವರು ಇವರೊಬ್ಬರೇ. ಮೊದಲ ಚಳಿಗಾಲದಲ್ಲಿ ಕಕ್ಕಸಿನ ಕೊಳವೆ ಹೆಪ್ಪುಗಟ್ಟಿ ಒಡೆದಾಗ ಬಿರುಗಾಳಿಯಲ್ಲಿ ಅದನ್ನು ಬಿಚ್ಚಿ ಜೋಡಿಸಿದರು. ಎಡಗೈಯ ಎರಡು ಬೆರಳಿನ ಉಗುರು ಅವತ್ತು ಹೋದದ್ದು ಮತ್ತೆ ಸರಿಯಾಗಿ ಬೆಳೆಯಲಿಲ್ಲ. ಬೇಸಿಗೆಗೆ ಬಂದು ಹೋಗುವವರು ಅವರನ್ನು ಕಸದ ರಾಣಿ ಎಂದು ಕರೆಯುತ್ತಾರೆ. ಎದುರಿಗೇ ಕರೆಯುತ್ತಾರೆ.

"ರಾಣಿ ಅಂದ್ರಲ್ಲ, ಅದೇ ಸಾಕು," ಎಂದು ನಗುತ್ತಾರೆ ಡೆಲ್ಮಿರಾ. "ನನ್ನ ಹಿಂದೆ ಇದ್ದೋನಿಗೆ ಹಂದಿ ಅಂತಿದ್ರು."

ಅವರ ಬಿಗಿ ಎಂಥದೆಂದು ಒಲ್ಮೊಸ್‌ಗೆ ಚೆನ್ನಾಗಿ ಗೊತ್ತು. ಅವನೂ ಕೊರ್ರಿಯೆಂತೆಸ್‌ನವನೇ. ಬಂದ ವಾರವೇ ಊಟದ ಮನೆಯ ಹೊರಗೆ ತಮ್ಮ ಸೀಮೆಯ ಜನ ನಂಬುವ ಸಂತ ಗೌಚಿಟೊ ಹಿಲ್‌ಗೆ ಪುಟ್ಟ ಗುಡಿ ಕಟ್ಟಿ, ಹರಕೆಯ ಕೆಂಪು ಪಟ್ಟಿಗಳನ್ನು ಸಾಲಾಗಿ ಇಳಿಬಿಟ್ಟಿದ್ದ. ಡೆಲ್ಮಿರಾ ಗುಡಿಯ ಮುಂದೆ ಶಿಲುಬೆಯ ಗುರುತು ಹಾಕಿಕೊಂಡರು, ಆಮೇಲೆ ಬಿಚ್ಚಲು ಹೇಳಿದರು. ಗಾಳಿ ಒಂದು ಪಟ್ಟಿಯನ್ನು ಕಿತ್ತರೂ ಅದು ಸೀಲ್‌ನ ಕೊರಳಿಗೆ ಉರುಳಾಗುತ್ತದೆ ಎಂದರು. ಒಲ್ಮೊಸ್ ಕುದಿದುಹೋದ. "ದೇವರ ಶಾಪ ತಟ್ಟುತ್ತೆ ನಿಂಗೆ" ಎಂದ. ಗೌಚಿಟೊ ಊಟದ ಮನೆಯ ಒಳಮೂಲೆಗೆ ಬಂದ, ಮತ್ತು ಆ ವಾರವೆಲ್ಲ ಡೆಲ್ಮಿರಾರ ತಟ್ಟೆಗೆ ಬಿದ್ದ ಸಾರಿನಲ್ಲಿ ಒಂದು ತುಂಡೂ ಮಾಂಸವಿರಲಿಲ್ಲ.

ಈ ಬೇಸಿಗೆಯಲ್ಲಿ ಆ ಬಿಗಿ ತಿರುಗಿ ಅವರ ಕೊರಳಿಗೇ ಬಂತು.

ಇಂಧನದ ಕೊಟ್ಟಿಗೆಯ ಹಿಂದಿನ ದಿಬ್ಬದಲ್ಲಿ ನೆಲೆಯ ಹಳೆಯ ತಿಪ್ಪೆಯಿದೆ. ನಿಯಮ ಬರುವ ಮುಂಚೆ ಕಸವನ್ನೆಲ್ಲ ಸಮುದ್ರದ ಮಂಜುಗಡ್ಡೆಯ ಮೇಲೆ ಇಟ್ಟು ಬರುತ್ತಿದ್ದರು. ಬೇಸಿಗೆಗೆ ಗಡ್ಡೆ ಒಡೆದರೆ ಕಸ ಮಾಯ. ಅಲ್ಲಿಗೆ ಎಳೆದೊಯ್ಯಲು ಬೇಸರವಾದದ್ದು ದಿಬ್ಬ ಸೇರುತ್ತಿತ್ತು. ಹಳೆಯ ತಿಪ್ಪೆಯನ್ನೂ ಮಾಡಿದವರೇ ಬಳಿಯಬೇಕು ಎನ್ನುತ್ತದೆ ಕರಾರು. ಬಿಡುವುದಕ್ಕೆ ಎರಡೇ ದಾರಿ. ತೆಗೆದರೆ ಇಟ್ಟದ್ದಕ್ಕಿಂತ ಹೆಚ್ಚು ಹಾನಿಯಾಗುವಂತಿರಬೇಕು, ಇಲ್ಲವೇ ಅದು ಚರಿತ್ರೆಯ ಸ್ಮಾರಕವೆಂದು ಎಲ್ಲ ದೇಶಗಳೂ ಒಪ್ಪಿರಬೇಕು. ದಿಬ್ಬಕ್ಕೆ ಎರಡೂ ಒದಗಲಿಲ್ಲ. ಡೆಲ್ಮಿರಾ ಕೆಲವು ಬೇಸಿಗೆಗಳಿಂದ ಅದನ್ನು ಅಂಗುಲ ಅಂಗುಲವಾಗಿ ಕರಗಿಸುತ್ತ ಬಂದಿದ್ದಾರೆ.

ಈ ಸಲ ಬಿಸಿಲು ವಿಪರೀತ. ದಿಬ್ಬದ ಅಂಚಿನ ಹಿಮ ಕರಗಿ, ಕಲ್ಲು ಪೇರಿಸಿದ್ದ ಒಂದು ಕಡೆ ಜಾರಿ, ತುಕ್ಕು ಹಿಡಿದ ಆರು ಡ್ರಮ್ಮುಗಳು ಹೊರಗೆ ಮೂತಿ ಹಾಕಿದವು. ಕೆಳಗೇ ಕೊಲ್ಲಿ. ಸೀಲ್‌ಗಳು ಮರಿಗಳೊಂದಿಗೆ ಬಂದು ಮಲಗುವ ಜಾಗ. ಡ್ರಮ್ಮನ್ನು ತೆರೆಯುವ ಮುಂಚೆ ಬೆರಳ ಗೆಣ್ಣಿನಿಂದ ಕುಟ್ಟಿ ಕೇಳುವುದು ಡೆಲ್ಮಿರಾರ ರೂಢಿ. ಎಣ್ಣೆ ತುಂಬಿದ್ದರೆ ಒಂದು ದನಿ, ನೀರಿದ್ದರೆ ಇನ್ನೊಂದು, ಖಾಲಿಯಾದರೆ ಮತ್ತೊಂದು. ಮೊದಲು ಕುಟ್ಟಿದ ಡ್ರಮ್ಮು ಈ ಯಾವ ದನಿಯನ್ನೂ ಕೊಡಲಿಲ್ಲ. ಮುಚ್ಚಳವನ್ನು ಸುತ್ತಲೂ ಕೊಯ್ದು ಎತ್ತಿದರು.

ಒಳಗೆ ಒಂದು ನಾಯಿ ಮಲಗಿತ್ತು. ಚಳಿಯಲ್ಲಿ ನಾಯಿಗಳು ಮಲಗುವ ಹಾಗೆಯೇ, ಬಾಲವನ್ನು ಮೂಗಿನ ಮೇಲೆ ಹೊದ್ದುಕೊಂಡು. ಕಪ್ಪು ರೋಮ ಒಂದೂ ಉದುರಿರಲಿಲ್ಲ. ಕೊರಳ ಪಟ್ಟಿಯಲ್ಲಿ ತಗಡಿನ ತುಂಡೊಂದಿತ್ತು. ಅದರಲ್ಲಿ ಮೊಳೆಯಿಂದ ಚುಚ್ಚಿ ಚುಚ್ಚಿ ಹೆಸರು ಬರೆದಿತ್ತು. ಮೊರೊಚಾ.

ಡೆಲ್ಮಿರಾ ಹಿಮದ ಮೇಲೆ ಕೂತುಬಿಟ್ಟರು. ಆ ನಾಯಿಯನ್ನು ಅವರು ಹುಟ್ಟಿದಾಗಿನಿಂದ ಬಲ್ಲರು, ನೋಡಿರಲಿಲ್ಲ ಅಷ್ಟೇ. ಅವರ ತಂದೆ ದೋನ್ ಎಲಿಹಿಯೊ ಸೊಟೆಲೊ ಇದೇ ನೆಲೆಯಲ್ಲಿ ಬಂಡಿ ಎಳೆಯುವ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವರು. ಮೊರೊಚಾ ಅವರ ಸಾಲಿನ ಮುಂದಾಳು ನಾಯಿ. ಒಮ್ಮೆ ಕಣ್ಣೆದುರಿನ ಕೈಯೂ ಕಾಣದ ಬಿಳಿ ಮಬ್ಬಿನಲ್ಲಿ ಅದು ಇದ್ದಕ್ಕಿದ್ದಂತೆ ಕೂತುಬಿಟ್ಟಿತಂತೆ. ಬೈದರೂ ಏಳಲಿಲ್ಲ, ಹೊಡೆದರೂ ಏಳಲಿಲ್ಲ. ಮಬ್ಬು ಹರಿದಾಗ ನೋಡಿದರೆ ಅದರ ಮುಂಗಾಲಿನ ಮುಂದೆಯೇ ಹಿಮನದಿ ಬಾಯಿ ಬಿಟ್ಟುಕೊಂಡಿತ್ತು. "ನಾನು ಹುಟ್ಟಿದ್ದು ಅದಾದ ಮೇಲೆ," ಎನ್ನುತ್ತಾರೆ ಡೆಲ್ಮಿರಾ. "ಅವಳು ಅವತ್ತು ಎದ್ದಿದ್ರೆ ನಾನೆಲ್ಲಿರ್ತಿದ್ದೆ? ನಮ್ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಪಪಾ ಸಂತರ ಹೆಸರಿಗಿಂತ ಮೊದಲು ಅವಳ ಹೆಸರು ಹೇಳ್ತಿದ್ರು."

ಈ ಸಲ ಹೊರಡುವಾಗ ಎಂಬತ್ತು ದಾಟಿದ ಅಪ್ಪ ಕೇಳಿದ್ದು ಒಂದೇ. ಮೊರೊಚಾ ಮಲಗಿರುವ ಕಡೆ ತನ್ನ ಹೆಸರಿನಲ್ಲಿ ಒಂದು ಕಲ್ಲು ಇಟ್ಟು ಬರಬೇಕು. ನೆಲ ಕಲ್ಲಿಗಿಂತ ಗಟ್ಟಿಯಾಗಿದ್ದರಿಂದ ಅಗೆಯಲಾಗದೆ, ಖಾಲಿ ಡ್ರಮ್ಮಿನಲ್ಲಿ ಮಲಗಿಸಿ, ಮುಚ್ಚಳಕ್ಕೆ ಬೆಸುಗೆ ಹಾಕಿ, ಮೇಲೆ ಕಲ್ಲು ಪೇರಿಸಿದ್ದೆವು ಎನ್ನುವುದನ್ನು ಮಾತ್ರ ಅವರು ಹೇಳಿರಲಿಲ್ಲ. ಆ ಕಾಲದಲ್ಲಿ ಎಲ್ಲ ನಾಯಿಗಳಿಗೂ ಹಾಗೆಯೇ ಮಾಡುತ್ತಿದ್ದರು. ಅದು ಅವರಿಗೆ ಹೇಳಬೇಕಾದ ಸಂಗತಿ ಎನಿಸಿರಲಿಕ್ಕಿಲ್ಲ. ಉಳಿದ ಐದು ಡ್ರಮ್ಮುಗಳಲ್ಲೂ ಕೊರಳಲ್ಲಿ ಹೆಸರು ಹೊತ್ತ ಒಂದೊಂದು ನಾಯಿಯೇ ಇತ್ತು.

ಹೊರಗಿನಿಂದ ತಂದ ಪ್ರಾಣಿಯ ಕಳೇಬರವನ್ನು ಈ ನೆಲದಲ್ಲಿ ಬಿಡಬಾರದು. ಕರಾರಿನಲ್ಲಿ ಆ ಮಾತು ಸ್ಪಷ್ಟವಾಗಿದೆ. ನಾಯಿಯ ರೋಗ ಸೀಲ್‌ಗಳಿಗೆ ಹರಡೀತೆಂಬ ಭಯದಿಂದಲೇ ತೊಂಬತ್ತನಾಲ್ಕರಲ್ಲಿ ಬದುಕಿದ್ದ ನಾಯಿಗಳನ್ನೂ ಇಲ್ಲಿಂದ ಹೊರಡಿಸಿದ್ದು. ಹಾಗಾಗಿ ಆರೂ ನಾಯಿಗಳು ಜೈವಿಕ ಕಸ. ಹಳದಿ ಪಟ್ಟಿಯ ಡ್ರಮ್ಮು, ಹಡಗು, ದೇಶದ ದಕ್ಷಿಣ ತುದಿಯ ಉಷುವಾಯಾ ಬಂದರು, ಅಲ್ಲಿಂದ ಕುಲುಮೆ. ಹಡಗು ಬರಲು ಒಂದು ವಾರವೂ ಉಳಿದಿರಲಿಲ್ಲ.

ನೆಲೆಯ ಮುಖ್ಯಸ್ಥ ಮೇಜರ್ ಬಸ್ವಾಲ್ಡೊ ಕೆಟ್ಟ ಮನುಷ್ಯರಲ್ಲ. ದಿಬ್ಬಕ್ಕೆ ಬಂದು ಟೋಪಿ ತೆಗೆದು ನಿಂತರು. ಆಮೇಲೆ ಡೆಲ್ಮಿರಾರನ್ನು ಪಕ್ಕಕ್ಕೆ ಕರೆದರು.

"ನೋಡು ಸೊಟೆಲೊ, ಹಡಗಲ್ಲಿ ಜಾಗ ಮೊದಲೇ ಕಮ್ಮಿ. ಮುಚ್ಚಳ ಹಾಕು, ಕಲ್ಲು ಪೇರಿಸು. ತೆಗೆದ್ರೆ ಹಾನಿ ಜಾಸ್ತಿ ಅಂತ ವರದೀಲಿ ಒಂದು ಸಾಲು ಬರಿ. ನಾನು ಸಹಿ ಹಾಕ್ತೀನಿ. ಇಲ್ಲಿ ಯಾರೂ ಬಾಯಿ ಬಿಡಲ್ಲ."

"ಅದು ಸುಳ್ಳಾಗುತ್ತೆ ಹೆಫೆ ಸಾಹೇಬ್ರೇ. ಇನ್ನೊಂದು ಬೇಸಿಗೆ ಹೀಗೇ ಬಿಸಿಲು ಬಿದ್ರೆ ಇವು ಕೊಲ್ಲಿಗೆ ಉರುಳ್ತವೆ."

"ನಿಮ್ಮಪ್ಪನ ನಾಯಿ ಕಣಮ್ಮ ಅದು."

"ಅದಕ್ಕೇ ಹೇಳ್ತಿರೋದು. ಬೇರೆಯವರ ನಾಯಿ ಆಗಿದ್ರೆ ನೀವು ನನ್ನ ಕೇಳ್ತಾನೂ ಇರ್ಲಿಲ್ಲ."

ಊಟದ ಮನೆಯಲ್ಲಿ ಎರಡು ಪಂಗಡವಾಯಿತು. ನಾಯಿಗಳು ಈ ನೆಲೆಯ ಹಿರಿಯರು, ಹಿರಿಯರ ಸಮಾಧಿ ಮುಟ್ಟಬಾರದು ಎಂದರು ಹೆಚ್ಚಿನವರು. ನಿಯಮ ಎಲ್ಲರಿಗೂ ಒಂದೇ ಎಂದರು ಉಳಿದವರು. ಎಲ್ಲಕ್ಕಿಂತ ಚುಚ್ಚಿದ್ದು ಒಲ್ಮೊಸ್‌ನ ಮಾತು. ಸೌಟು ಹಿಡಿದೇ ಕೇಳಿದ, "ನನ್ನ ಗೌಚಿಟೊನ ಕಿತ್ತು ಒಳಗೆ ತಂದೋಳು ನೀನು. ಈಗ ನಿನ್ನ ನಾಯಿ ಅಂತ ಹೊರಗೇ ಬಿಡ್ತೀಯಾ? ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ?" ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದ ದಿನದಿಂದ ಈ ನೆಲೆಯಲ್ಲಿ ಡೆಲ್ಮಿರಾರ ಮಾತಿಗೆ ಯಾರೂ ಒಂದು ಮೂಳೆಯನ್ನೂ ಬಕೆಟ್ಟಿಗೆ ಹಾಕುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಸಂಕಟ ಕಡಿಮೆಯಾಗುವುದಿಲ್ಲ.

ಮರುದಿನ ಮಧ್ಯಾಹ್ನ ಎಸ್ಕಿನಾಗೆ ಫೋನು ಮಾಡಿದರು. ಅಪ್ಪ ಇರುವುದು ತಂಗಿಯ ಮನೆಯಲ್ಲಿ. ಹಿಂದೆ ಮೊಮ್ಮಕ್ಕಳ ಗಲಾಟೆ, ರೇಡಿಯೋದಲ್ಲಿ ತಮ್ಮ ಸೀಮೆಯ ಚಮಮೇ ಹಾಡು. ಡೆಲ್ಮಿರಾ ಸುತ್ತಿ ಬಳಸದೆ ಹೇಳಿದರು. ಸಿಕ್ಕಳು ಪಪಾ, ಹಾಗೇ ಇದಾಳೆ, ಕಳಿಸಬೇಕಾಗಿದೆ.

ದೋನ್ ಎಲಿಹಿಯೊ ರೇಡಿಯೋ ಆರಿಸಲು ಹೇಳಿದ್ದು ಕೇಳಿಸಿತು. ಮೊದಲಿಗೆ ಅವರು ಮಾತಾಡಿದ್ದು ಆ ಕೊನೆಯ ನಾಯಿಗಳ ಬಗ್ಗೆ. "ತೊಂಬತ್ನಾಲ್ಕರಲ್ಲಿ ನಾನೇ ಒಂದೊಂದನ್ನೂ ಎತ್ತಿ ವಿಮಾನಕ್ಕೆ ಹತ್ತಿಸ್ದೆ. ನನ್ನ ಕೈ ನಂಬಿ ಹತ್ತಿದ್ವು ಗುರೀಸಾ. ಊರಿನ ನಾಯಿಗಳ ಕಾಯಿಲೆ ಅವಕ್ಕೆ ಗೊತ್ತೇ ಇರ್ಲಿಲ್ಲ. ಒಂದಾದ ಮೇಲೊಂದು ಹೋದ್ವು. ಸತ್ತೋವಾದ್ರೂ ಅಲ್ಲಿ ತಣ್ಣಗಿದಾವಲ್ಲ ಅಂತ ಇದ್ದೆ." ಗುರೀಸಾ ಅಂದರೆ ಹುಡುಗಿ. ಐವತ್ತರ ಹತ್ತಿರ ಬಂದ ಮಗಳನ್ನು ಅವರು ಇನ್ನೂ ಹಾಗೆಯೇ ಕರೆಯುತ್ತಾರೆ.

"ಪಪಾ, ನಿಯಮ..."

"ಅವಳನ್ನ ಕಸ ಅಂತ ಬರೀತೀಯಾ? ನಿನ್ನ ಕೈಯಿಂದ?"

ಡೆಲ್ಮಿರಾ ವಿವರಿಸಲು ಹೊರಟರು. ಅಷ್ಟರಲ್ಲಿ ಫೋನು ಕಡಿಯಿತು. ಹವಾಮಾನದಿಂದಲ್ಲ, ಅಪ್ಪನೇ ಇಟ್ಟಿದ್ದರು. ಮತ್ತೆ ಮಾಡಿದರೆ ತಂಗಿ ಎತ್ತಿಕೊಂಡು, "ಹಿತ್ತಲಿಗೆ ಹೋಗಿ ಕೂತಿದಾರೆ ಕಣೇ. ಕರೆದ್ರೆ ಬರ್ತಿಲ್ಲ," ಎಂದಳು.

"ಅವತ್ತು ನಾನು ಮುಚ್ಚಳ ಹಾಕಿಬಿಡ್ತಿದ್ದೆ," ಎನ್ನುತ್ತಾರೆ ಡೆಲ್ಮಿರಾ. "ನಿಜವಾಗ್ಲೂ. ದಿಬ್ಬ ಹತ್ತಿ ಮುಚ್ಚಳ ಕೈಲಿ ಹಿಡ್ಕೊಂಡೂ ಆಗಿತ್ತು. ಕೆಳಗಡೆ ಒಂದು ಸೀಲ್ ಮರಿ ಕೂತ್ಕೊಂಡು ನನ್ನೇ ನೋಡ್ತಿತ್ತು. ಅವುಕ್ಕೆ ನಮ್ಮನ್ನ ಕಂಡ್ರೆ ಹೆದರಿಕೆ ಇಲ್ಲ ನೋಡಿ. ನಾವು ಏನು ಮಾಡ್ತೀವಿ ಅಂತ ಅವುಕ್ಕೇನು ಗೊತ್ತು? ಪಪಾನ ಕೈ ನಂಬಿ ಆ ನಾಯಿಗಳು ವಿಮಾನ ಹತ್ತಿದ್ವಂತಲ್ಲ, ಇದೂ ಹಾಗೇ ನಂಬ್ಕೊಂಡು ಕೂತಿದೆ ಅನ್ನಿಸ್ತು. ಮುಚ್ಚಳ ಕೆಳಗಿಟ್ಟೆ."

ಆರು ಹೊಸ ಡ್ರಮ್ಮುಗಳನ್ನು ಅವರೊಬ್ಬರೇ ಸಿದ್ಧ ಮಾಡಿದರು. ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಹಾಸು, ಅಂಚಿಗೆ ಹೊಸ ರಬ್ಬರು. ನಾಯಿಗಳನ್ನು ಎತ್ತಿ ಮಲಗಿಸಲು ಯಾರನ್ನೂ ಬಿಡಲಿಲ್ಲ. ಕೊರಳ ಪಟ್ಟಿಗಳನ್ನು ಬಿಚ್ಚಿ ನೆನಪಿಗೆಂದು ಇಟ್ಟುಕೋ ಎಂದು ಬಸ್ವಾಲ್ಡೊ ಹೇಳಿದ್ದರು. ಡೆಲ್ಮಿರಾ ಬಿಚ್ಚಲಿಲ್ಲ. ಕೆಲಸದ ಬಟ್ಟೆ ಅದು, ಮೈಮೇಲಿಂದ ತೆಗೆಯಬಾರದು ಎಂದರು.

ಪ್ರತಿ ಡ್ರಮ್ಮಿನ ಮೇಲೂ ಒಳಗೆ ಏನಿದೆ ಎನ್ನುವುದನ್ನು ಇದ್ದದ್ದು ಇದ್ದಂತೆ ಬರೆಯಬೇಕು ಎನ್ನುತ್ತದೆ ನಿಯಮ. ಸಾಮಾನ್ಯವಾಗಿ ಅಲ್ಲಿ ಮೂಳೆ, ಬ್ಯಾಟರಿ, ಎಣ್ಣೆಬಟ್ಟೆ ಎಂದು ಒಂದೋ ಎರಡೋ ಪದವಿರುತ್ತದೆ. ಡೆಲ್ಮಿರಾ ಹಳದಿ ಪಟ್ಟಿಯ ಕೆಳಗೆ ಬಣ್ಣದ ಕುಂಚದಿಂದ ಅಂಗೈಯಗಲದ ಅಕ್ಷರದಲ್ಲಿ ಬರೆದರು. ಚೂಕರೊ. ಲುಸೆರೊ. ಪಂಪಾ. ಹೀಗೆ ಐದು. ಆರನೆಯದರ ಮೇಲೆ, ಮೊರೊಚಾ, ಮುಂದಾಳು ನಾಯಿ.

"ನಿಯಮಕ್ಕೂ ಒಪ್ಪುತ್ತೆ," ಎನ್ನುತ್ತಾರೆ. "ಒಳಗಿದ್ದದ್ದು ಅದೇ ತಾನೆ?"

ಹಡಗು ಬಂದ ಬೆಳಿಗ್ಗೆ ಡ್ರಮ್ಮುಗಳನ್ನು ದಡಕ್ಕೆ ಒಯ್ಯಲು ಟ್ರ್ಯಾಕ್ಟರು ಬಂತು. ಡೆಲ್ಮಿರಾ ಸರಪಳಿ ಬಿಗಿಯಲು ಬಗ್ಗಿದ್ದರು. ಅಷ್ಟರಲ್ಲಿ ಒಲ್ಮೊಸ್ ಊಟದ ಮನೆಯಿಂದ ಹಳೆಯ ಮರದ ಜಾರುಬಂಡಿಯನ್ನು ಎಳೆದು ತಂದ. ನಾಯಿಗಳಿದ್ದ ಕಾಲದ್ದು, ಈಗ ಅಲ್ಲಿನ ಗೋಡೆಗೆ ಅಲಂಕಾರಕ್ಕಿದ್ದದ್ದು. ಏಪ್ರನ್ನು ಕಟ್ಟಿಕೊಂಡೇ ಇದ್ದ. ಹಗ್ಗವನ್ನು ತನ್ನ ಎದೆಗೆ ಅಡ್ಡ ಹಾಕಿಕೊಂಡ.

"ಏನೋ ಇದು?"

"ಜೀವ ಇರೋತನಕ ಅವು ನಮ್ಮನ್ನ ಎಳೆದ್ವು. ಟ್ರ್ಯಾಕ್ಟರಿಗೆ ಕಟ್ಟಿ ಕಳಿಸ್ತೀಯಾ? ನಾಚಿಕೆ ಆಗ್ಬೇಕು ನಿಂಗೆ. ಸರಿ, ಹಿಡಿ ಹಗ್ಗ."

ಯಾರೂ ಆಜ್ಞೆ ಕೊಡಲಿಲ್ಲ. ಒಬ್ಬೊಬ್ಬರೇ ಬಂದು ಹಗ್ಗಕ್ಕೆ ಎದೆ ಕೊಟ್ಟರು. ರೇಡಿಯೋದವನು ಬಂದ, ವೈದ್ಯೆ ಬಂದರು, ಹಿಂದಿನ ದಿನದವರೆಗೂ ಮಾತು ಬಿಟ್ಟಿದ್ದವರೂ ಬಂದರು. ಬಸ್ವಾಲ್ಡೊ ಕೊನೆಯ ಸಾಲಿನಲ್ಲಿ ನಿಂತರು. ಹಗ್ಗದ ಎಲ್ಲಕ್ಕಿಂತ ಮುಂದಿನ ಕುಣಿಕೆಯನ್ನು ಮಾತ್ರ ಖಾಲಿ ಬಿಟ್ಟಿದ್ದರು. ಅದು ಯಾರಿಗೆಂದು ಯಾರೂ ಹೇಳಬೇಕಾಗಿರಲಿಲ್ಲ. ಡೆಲ್ಮಿರಾ ಹೋಗಿ ಅದನ್ನು ಎದೆಗೆ ಹಾಕಿಕೊಂಡರು. ಆರು ಡ್ರಮ್ಮುಗಳನ್ನು ಹೊತ್ತ ಬಂಡಿ ದಿಬ್ಬದಿಂದ ದಡದವರೆಗೆ ನಿಲ್ಲದೆ ಹೋಯಿತು. ಅಳುವುದಿದ್ದವರು ಅತ್ತರು. ದೊಡ್ಡ ಗಂಡಸರು ಮುಖ ಮುಚ್ಚಿಕೊಳ್ಳದೆ ಅತ್ತರು.

ಹಡಗು ಹೋದ ಮೇಲೆ ಅಪ್ಪನಿಗೆ ಹಲವು ಸಲ ಫೋನು ಮಾಡಿದರು. ಮಾತಿಗೆ ಬರಲಿಲ್ಲ. ಮಗಳು ಅಲ್ಲಿ ಸಾವಿರ ಕೆಲಸ ಮಾಡಿದಳೆಂದು ಕುಣಿದಾಡುತ್ತಿದ್ದ ಮನುಷ್ಯ ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಾರೆ ಎಂದಳು ತಂಗಿ. ಹಡಗಿನ ಹೆಸರೇನು, ಯಾವಾಗ ತಲುಪುತ್ತದೆ ಎಂದು ಮಾತ್ರ ಒಂದು ದಿನ ಕೇಳಿದರಂತೆ. ಮಾರನೆಯ ಬೆಳಿಗ್ಗೆ ಹಾಸಿಗೆ ಖಾಲಿ. ಮಾಟೆಯ ಬುರುಡೆ, ಬಿಸಿನೀರಿನ ಫ್ಲಾಸ್ಕು, ಸೇನೆಯ ಹಳೆಯ ಕೋಟು, ಮೂರೂ ಕಾಣೆ. ಮನೆಯವರು ಊರೆಲ್ಲ ಹುಡುಕಿದರು.

ಮುದುಕ ಬಸ್ಸು ಬದಲಿಸುತ್ತ ಬದಲಿಸುತ್ತ, ದೇಶದ ಉದ್ದಕ್ಕೂ ಇಳಿದು, ಉಷುವಾಯಾ ಬಂದರು ಸೇರಿದ್ದರು. ಹಡಗಿನ ಸರಕು ನೋಡಿಕೊಳ್ಳುವವನು ಆಮೇಲೆ ಡೆಲ್ಮಿರಾಗೆ ಹೇಳಿದ. ಬಂದರಿನ ಬೇಲಿಯಾಚೆ ಒಬ್ಬರು ಬೆಳಗಿನಿಂದ ನಿಂತೇ ಇದ್ದರು, ಒಳಗೆ ಬಿಡುವಂತಿರಲಿಲ್ಲ, ಕೂರಿ ಎಂದು ಕುರ್ಚಿ ಕೊಟ್ಟರೆ ಕೂರಲಿಲ್ಲ. ಹಳದಿ ಪಟ್ಟಿಯ ಡ್ರಮ್ಮುಗಳು ಕ್ರೇನಿನಿಂದ ಇಳಿಯತೊಡಗಿದಾಗ ಟೋಪಿ ತೆಗೆದರು. ಆರನೆಯದು ಇಳಿದು, ಲಾರಿ ಗೇಟು ದಾಟಿ, ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಟೋಪಿ ಹಾಕಿಕೊಳ್ಳಲಿಲ್ಲ.

ಬಕೆಟ್ಟು ತುಂಬಿದೆ. ಡೆಲ್ಮಿರಾ ಎದ್ದು ಮಂಡಿಯ ಹಿಮ ಕೊಡವಿಕೊಳ್ಳುತ್ತಾರೆ. ಮುಂದಿನ ವರ್ಷ ಅವರಿಗೆ ನಿವೃತ್ತಿ. ದಿಬ್ಬ ಈಗ ಬರಿಯ ಕಲ್ಲು, ಅದರ ಮೇಲೆ ಒಂದು ಸ್ಕುವಾ ಕೂತಿದೆ. ಏನಾಗಬೇಕು ನಿಮಗೆ ಎಂದು ಕೇಳಿದರೆ ದೊಡ್ಡ ಆಸೆಯನ್ನೇನೂ ಹೇಳುವುದಿಲ್ಲ. "ಮುಂದೆ ಯಾರಾದ್ರೂ ಬಂದು ನೋಡಿ, ಇಲ್ಲಿ ಮನುಷ್ಯರು ಇದ್ರಾ ಅಂತ ಅನುಮಾನ ಪಡಬೇಕು. ಅಷ್ಟಾದ್ರೆ ನನ್ನ ಸಂಬಳ ಸಂದಾಯ ಆದ ಹಾಗೆ," ಎನ್ನುತ್ತಾರೆ.

ಡ್ರಮ್ಮುಗಳು ಬಂದರಿನಲ್ಲಿ ಇಳಿದ ದಿನ ಅಪ್ಪ ಫೋನು ಮಾಡಿದ್ದು ಉಷುವಾಯಾದ ಬಸ್ ನಿಲ್ದಾಣದಿಂದ, ಯಾರದೋ ಫೋನು ಇಸಿದುಕೊಂಡು. ಹಿಂದೆ ಬಸ್ಸಿನ ಹೆಸರು ಕೂಗುವ ಸದ್ದು ಬರುತ್ತಿತ್ತು.

"ಹೆಸರು ಓದಿದೆ," ಎಂದರು. ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಮುಚ್ಚಳ ಚೆನ್ನಾಗಿ ಬಿಗಿದಿದ್ದೆ ನೀನು, ಗುರೀಸಾ. ಒಂದು ಹನಿಯೂ ಸೋರಿರ್ಲಿಲ್ಲ."